ನಮ್ಮ ಹುಡುಗ ದಡ್ಡನೋ, ಕಲಿಕಾ ನ್ಯೂನತೆಯವನೋ?

ದಡ್ಡ ಎನ್ನುವ ಶಬ್ದ ನಮ್ಮ ಕೇರಿಗಳಿಗೆ ಹೊಸದಲ್ಲ. ನಮ್ಮ ಅಪ್ಪಂದಿರು ಶಾಲೆಯ ಮೆಟ್ಟಿಲು ಹತ್ತುವ ಮುಂಚೆಯೇ ಅದು ಅವರಿಗಾಗಿ ಬಾಗಿಲಲ್ಲಿ ಕಾದು ಕೂತಿತ್ತು. 'ಈ ಜನಕ್ಕೆ ಓದು ತಲೆಗೆ ಹತ್ತೋದಿಲ್ಲ' ಎಂದ ಮೇಷ್ಟ್ರು, 'ಓದಿ ಯಾವ ಅಮಲ್ದಾರಿಕೆ ಮಾಡ್ಬೇಕಾಗದೆ, ದನ ಕಾಯೋಕೆ ಕಳ್ಸು' ಎಂದ ಗೌಡರು, ಇಬ್ಬರೂ ಒಂದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಆಡಿದರು. ಆ ಮಾತನ್ನು ಸುಳ್ಳು ಮಾಡುವುದಕ್ಕೇ ನಮ್ಮ ಎರಡು ಮೂರು ತಲೆಮಾರುಗಳು ಸವೆದುಹೋದವು. ಹಾಸ್ಟೆಲಿನ ನೀರುಸಾರು ಕುಡಿದು, ಬೀದಿದೀಪದ ಕೆಳಗೆ ಕೂತು ಓದಿ, ಡಿಗ್ರಿ ತಂದು ತೋರಿಸಿ, ಬುದ್ಧಿ ಯಾವ ಜಾತಿಯ ಅಪ್ಪನ ಮನೆಯ ಆಸ್ತಿಯೂ ಅಲ್ಲ ಎಂದು ಸಾಬೀತು ಮಾಡಿದೆವು. ಇವತ್ತಿಗೂ ಸಾಬೀತು ಮಾಡುತ್ತಲೇ ಇದ್ದೇವೆ.

ಹೀಗಿರುವಾಗ ಯಾರಾದರೂ ಬಂದು, 'ನಿಮ್ಮ ಮಕ್ಕಳಲ್ಲೂ ಕೆಲವರಿಗೆ ಓದುವುದು ಬರೆಯುವುದು ಮಿದುಳಿನ ಕೆಲಸದ ರೀತಿಯಿಂದಲೇ ಕಷ್ಟ, ಅದಕ್ಕೆ ಕಲಿಕಾ ನ್ಯೂನತೆ ಅಂತ ಹೆಸರು, ಆಸ್ಪತ್ರೆಗೆ ಹೋಗಿ ಸರ್ಟಿಫಿಕೇಟು ಮಾಡಿಸಿ' ಎಂದರೆ ನಮಗೆ ಮೈಯುರಿಯುತ್ತದೆ. ಅದೇ ಹಳೆಯ ಬೈಗುಳಕ್ಕೆ ಡಾಕ್ಟರ ಸೀಲು ಹೊಡೆಸಿಕೊಂಡು ಬಂದಂತೆ ಕಾಣುತ್ತದೆ. ಈ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಸಿಟ್ಟಿನ ಭರದಲ್ಲಿ ನಾವು ಯಾರ ಕೈಬಿಡುತ್ತಿದ್ದೇವೆ? ಹೈಸ್ಕೂಲಿನ ಕೊನೆಯ ಬೆಂಚಿನಲ್ಲಿ ತಲೆತಗ್ಗಿಸಿ ಕೂತಿರುವ ಒಬ್ಬ ಹುಡುಗನನ್ನೋ, ಒಬ್ಬಳು ಹುಡುಗಿಯನ್ನೋ ಕೈಬಿಡುತ್ತಿಲ್ಲವೆ? ಆ ಮಕ್ಕಳ ಕಡೆಯಿಂದ ಈ ಪ್ರಶ್ನೆಯನ್ನು ನೋಡಬೇಕಾಗಿದೆ.

ಈ ಹೆಸರು ಯಾರ ಮನೆಯಲ್ಲಿ ಹುಟ್ಟಿತು ಎಂದು ಮೊದಲು ವಿಚಾರಿಸೋಣ. 1896ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್, ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ವೈದ್ಯಪತ್ರಿಕೆಯಲ್ಲಿ ಬರೆದರು. ಹುಡುಗ ಚುರುಕು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಕಣ್ಣು ಸರಿಯಾಗಿದೆ, ಲೆಕ್ಕ ಬರುತ್ತದೆ. ಏಳನೇ ವಯಸ್ಸಿನಿಂದ ಶಾಲೆಯನ್ನೂ ಮನೆಪಾಠವನ್ನೂ ಕಂಡವನು. ಆದರೂ ಅಕ್ಷರ ಕೂಡಿಸಿ ಓದಲಾರ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಇವನೇ ಶಾಲೆಗೆಲ್ಲ ಜಾಣನಾಗಿರುತ್ತಿದ್ದ ಎಂದು ಅವನ ಮೇಷ್ಟ್ರು ಹೇಳಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಆ ಹುಡುಗನಿಗೆ ಮನೆಪಾಠದವರಿದ್ದರು. ವರ್ಷಗಟ್ಟಲೆ ಚೆನ್ನಾಗಿ ಹೇಳಿಕೊಟ್ಟರೂ ಬರಲಿಲ್ಲವಾದ್ದರಿಂದ, ಇವನಿಗೆ ಬೇರೇನೋ ಇರಬೇಕು ಎಂದು ಯೋಚಿಸಿದರು. ನಮ್ಮ ಹುಡುಗನಿಗೆ ಬರದಿದ್ದರೆ ಹಾಗೆ ಯೋಚಿಸುವವರಿಲ್ಲ. ಅವನ ಜಾತಿಯೇ ಉತ್ತರ.

ಅಮೆರಿಕೆಯಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. 'ಕಲಿಕಾ ನ್ಯೂನತೆ' ಎಂಬ ಮಾತನ್ನು 1963ರಲ್ಲಿ ಶಿಕಾಗೋದಲ್ಲಿ ತಂದೆತಾಯಿಗಳ ಒಂದು ಸಭೆಯ ಮುಂದೆ ಬಳಕೆಗೆ ತಂದವರು ಸ್ಯಾಮ್ಯುಯೆಲ್ ಕರ್ಕ್. 1975ರಲ್ಲಿ ಅದು ಕಾನೂನಿನೊಳಗೆ ಸೇರಿತು. ಆದರೆ ಆ ಕಾನೂನಿನ ವ್ಯಾಖ್ಯೆಯಲ್ಲೇ ಒಂದು ಬೇಲಿ ಹಾಕಿದರು. ಬಡತನ, ಪರಿಸರ, ಸಂಸ್ಕೃತಿಯ ಹಿಂದುಳಿದಿರುವಿಕೆ ಮುಖ್ಯ ಕಾರಣವಾಗಿದ್ದರೆ ಆ ತೊಂದರೆ ಕಲಿಕಾ ನ್ಯೂನತೆಯ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನಿದೆ ಅನಿಸುತ್ತದೆ, ಬಡತನವೇನು ಕಾಯಿಲೆಯೇ? ಆದರೆ ಬಡವರ ಮಗುವಿಗೆ ಬಡತನವೂ ಇದ್ದು ನ್ಯೂನತೆಯೂ ಇದ್ದರೆ? ಬಡತನವೇ ಮುಂದೆ ಕಾಣುತ್ತದೆ, ನ್ಯೂನತೆ ಅದರ ಹಿಂದೆ ಅಡಗಿಹೋಗುತ್ತದೆ. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳು ಕಪ್ಪು ಮಕ್ಕಳನ್ನು ಬುದ್ಧಿಪರೀಕ್ಷೆಯ ಅಂಕ ಹಿಡಿದು ಮಂದಬುದ್ಧಿಯವರ ತರಗತಿಗಳಿಗೆ, ಅವರ ಜನಸಂಖ್ಯೆಯ ಪಾಲಿಗಿಂತ ಬಹಳ ಹೆಚ್ಚಾಗಿ ತಳ್ಳುತ್ತಿದ್ದವು. ಅದರ ವಿರುದ್ಧ 1971ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಆ ಪರೀಕ್ಷೆಗಳು ಕಪ್ಪು ಮಕ್ಕಳ ಮಟ್ಟಿಗೆ ಪಕ್ಷಪಾತದವು ಎಂದು 1979ರಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕ್‌ಹ್ಯಾಮ್ ತೀರ್ಪು ಕೊಟ್ಟರು. ಅಂದರೆ ಬಿಳಿಯ ಮಗು ಓದದಿದ್ದರೆ ಅದಕ್ಕೊಂದು ಮರ್ಯಾದೆಯ ಹೆಸರು, ಕಪ್ಪು ಮಗು ಓದದಿದ್ದರೆ ಅದಕ್ಕೊಂದು ಹಣೆಪಟ್ಟಿ. ಓದುಗ ಮಿತ್ರರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ಡಿಸ್ಲೆಕ್ಸಿಯಾ ಎಂಬ ಪದವನ್ನು ಜನಸಾಮಾನ್ಯರು ಕೇಳಿದ್ದು 2007ರ ಹಿಂದಿ ಸಿನಿಮಾ 'ತಾರೆ ಜಮೀನ್ ಪರ್' ಬಂದಾಗ. ಅನುಕೂಲಸ್ಥರ ಮನೆಯ ಹುಡುಗ, ಬೋರ್ಡಿಂಗ್ ಶಾಲೆ, ಕರುಣಾಳು ಚಿತ್ರಕಲಾ ಮೇಷ್ಟ್ರು, ಕೊನೆಗೆ ಹುಡುಗ ದೊಡ್ಡ ಚಿತ್ರಕಾರ. ನಾವೂ ಅತ್ತಿದ್ದೇವೆ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಹುಡುಗ ಯಾವ ಚಿತ್ರವನ್ನೂ ಬರೆಯದೆ, ಯಾವ ಪವಾಡವನ್ನೂ ಮಾಡದೆ, ಸುಮ್ಮನೆ ಒಬ್ಬ ಸಾಧಾರಣ ಹುಡುಗನಾಗಿದ್ದರೆ ಅವನಿಗೆ ನ್ಯಾಯ ಸಿಗಬಾರದೆ? ಪ್ರತಿಭೆ ತೋರಿಸಿದರೆ ಮಾತ್ರ ಮನುಷ್ಯನೆಂದು ಒಪ್ಪುತ್ತೇವೆ ಎಂಬ ಕರಾರನ್ನು ನಾವು ಮೊದಲಿನಿಂದಲೂ ಕಂಡವರು.

ಕಾನೂನು ಇದನ್ನು ಒಪ್ಪಿದ್ದು ತಡವಾಗಿ. 1995ರ ಅಂಗವಿಕಲರ ಕಾಯಿದೆಯಲ್ಲಿ ಇದ್ದದ್ದು ಏಳೇ ನ್ಯೂನತೆಗಳು, ಅವುಗಳಲ್ಲಿ ಇದರ ಸೊಲ್ಲಿರಲಿಲ್ಲ. 2016ರ ಕಾಯಿದೆ ಇಪ್ಪತ್ತೊಂದನ್ನು ಪಟ್ಟಿಮಾಡಿತು, ಅವುಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಓದಿನ ತೊಡಕು ಡಿಸ್ಲೆಕ್ಸಿಯಾ, ಬರವಣಿಗೆಯದು ಡಿಸ್ಗ್ರಾಫಿಯಾ, ಲೆಕ್ಕದ್ದು ಡಿಸ್ಕ್ಯಾಲ್ಕುಲಿಯಾ. ಇಂಥ ಮಕ್ಕಳನ್ನು ಎಳವೆಯಲ್ಲೇ ಗುರುತಿಸುವುದು ಸರಕಾರದ ಮತ್ತು ಶಾಲೆಗಳ ಹೊಣೆ ಎಂದು ಆ ಕಾಯಿದೆಯ 16ನೆಯ ಕಲಮು ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಹೇಳಿ ಬರೆಸಲು ಲಿಪಿಕಾರ, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ, ಇವು 17ನೆಯ ಕಲಮಿನಲ್ಲಿವೆ. ಇವು ಯಾರ ದಯೆಯೂ ಅಲ್ಲ, ಕಾನೂನು. ಆದರೆ ನಮ್ಮ ತಾಲ್ಲೂಕಿನ ಎಷ್ಟು ಹೈಸ್ಕೂಲುಗಳಲ್ಲಿ ಈ ಕಲಮುಗಳ ಹೆಸರು ಕೇಳಿಬಂದಿದೆ? ಪಟ್ಟಣದ ಕಾನ್ವೆಂಟಿನಲ್ಲಿ ಮಗನನ್ನು ಓದಿಸುವ ಇಂಜಿನಿಯರನಿಗೆ ಇದು ಬಾಯಿಪಾಠವಾಗಿದೆ. ಕೂಲಿಗೆ ಹೋಗುವ ನಮ್ಮ ಅಕ್ಕನಿಗೆ ಇದನ್ನು ಹೇಳಿದವರಿಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ನಮ್ಮ ಮಗುವಿಗೆ ಓದು ಬರುತ್ತಿಲ್ಲ ಎಂದರೆ ಅದು ನ್ಯೂನತೆಯೋ, ಕಲಿಸದೆ ಬಿಟ್ಟದ್ದರ ಫಲವೋ, ಹೇಗೆ ತಿಳಿಯುವುದು? ಎಲ್ಲವನ್ನೂ ನ್ಯೂನತೆ ಎಂದುಬಿಟ್ಟರೆ ಮೇಷ್ಟ್ರುಗಳೂ ಸರಕಾರವೂ ಕೈತೊಳೆದುಕೊಂಡು ಆರಾಮಾಗಿ ಕೂರುತ್ತವೆ. ಒಬ್ಬ ಹುಡುಗ 'ಹಸು' ಎಂಬುದನ್ನು 'ಅಸು' ಎಂದು ಬರೆದ ಅಂದುಕೊಳ್ಳಿ. ಅದು ನ್ಯೂನತೆಯೂ ಅಲ್ಲ, ದಡ್ಡತನವೂ ಅಲ್ಲ. ಅವನ ಅವ್ವ ಹಾಗೇ ಮಾತಾಡುತ್ತಾಳೆ, ನಾವೂ ಹಾಗೇ ಮಾತಾಡುತ್ತೇವೆ. ಮೇಷ್ಟ್ರಿಗೆ ಆ ಹಕಾರ ಬೇಕಿದ್ದರೆ ಕಲಿಸಲಿ, ನಗುವುದು ಬೇಡ. ಇನ್ನೊಬ್ಬ ಯಾವ ಅಕ್ಷರವನ್ನೂ ಗಟ್ಟಿಯಾಗಿ ಕಲಿತಿಲ್ಲ, ಯಾಕೆಂದರೆ ವರ್ಷದಲ್ಲಿ ನಾಲ್ಕು ತಿಂಗಳು ಅಪ್ಪ ಅವ್ವನ ಜೊತೆ ಕಬ್ಬು ಕಡಿಯಲು ಹೋಗಿದ್ದ, 2020-21ರಲ್ಲಿ ಶಾಲೆಗಳು ಮುಚ್ಚಿದಾಗ ಅವನ ಮನೆಯಲ್ಲಿ ಮೊಬೈಲಿರಲಿಲ್ಲ. ಇವನಿಗೆ ಬೇಕಾದದ್ದು ಡಾಕ್ಟರಲ್ಲ, ಪಾಠ. ಮೂರನೆಯವನು ಒಂದು ಸಾಲಿನಲ್ಲಿ 'ಹಸು' ಎಂದೇ ಬರೆದು ಮುಂದಿನ ಸಾಲಿನಲ್ಲಿ 'ಸುಹ' ಎಂದು ಬರೆಯುತ್ತಾನೆ. ಒತ್ತಕ್ಷರ ಒಮ್ಮೆ ಇದ್ದದ್ದು ಇನ್ನೊಮ್ಮೆ ಮಾಯ. ನಿನ್ನೆ ಓದಿದ ಪದ ಇವತ್ತು ಅವನಿಗೆ ಅಪರಿಚಿತ. ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ಹೇಳಿಕೊಟ್ಟರೂ ಹಾಗೇ. ಅವನ ಬಗ್ಗೆಯೇ ನಾವು ಮಾತಾಡುತ್ತಿರುವುದು.

ಇದರಲ್ಲಿ ಕನ್ನಡ ಲಿಪಿಯದೂ ಒಂದು ಪಾಲಿದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಂತಲ್ಲ ನಮ್ಮ ಕಾಗುಣಿತ, ಒತ್ತು, ಅರ್ಕಾವತ್ತು. ಎಲ್ಲ ಸೇರಿ ನೂರಾರು ರೂಪಗಳು. ಕನ್ನಡ ಶಾಲೆಯ ಮಕ್ಕಳು ಇವನ್ನೆಲ್ಲ ಹಿಡಿತಕ್ಕೆ ತಂದುಕೊಳ್ಳಲು ನಾಲ್ಕೈದು ವರ್ಷವೇ ಬೇಕಾಗುತ್ತದೆ ಎಂದು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿದೆ. ಆದ್ದರಿಂದ ಇಂಗ್ಲಿಷಿನ ಅಳತೆಗೋಲು ಹಿಡಿದು ಕನ್ನಡದ ಮಗುವನ್ನು ಅಳೆಯುವುದು ಅನ್ಯಾಯ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ತಯಾರಿಸಿದ ಡಾಲಿ ಎಂಬ ಪರೀಕ್ಷಾಸಾಮಗ್ರಿ ಕನ್ನಡದಲ್ಲೂ ಇದೆ. ಅದು ನಮ್ಮ ಶಾಲೆಗಳ ಮೇಷ್ಟ್ರ ಕೈಗೆ ಬರಬೇಕು. ಅಳೆಯುವ ಕ್ರಮದಲ್ಲೂ ಇನ್ನೊಂದು ಬೇಲಿಯಿತ್ತು. ಕೇಂದ್ರ ಸರಕಾರದ 2018ರ ಮಾರ್ಗಸೂಚಿಯಂತೆ ಮೊದಲು ಬುದ್ಧಿಪರೀಕ್ಷೆ ಆಗಬೇಕಿತ್ತು. ಅದರಲ್ಲಿ 85ಕ್ಕಿಂತ ಹೆಚ್ಚು ಬಂದರೆ ಮಾತ್ರ ಮುಂದೆ ನಿಮ್ಹಾನ್ಸ್‌ನವರು ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷೆ ನಡೆಯುತ್ತಿತ್ತು. ಪೇಟೆಯ ಮನೆಯ ಮಾತು, ಪೇಟೆಯ ಮನೆಯ ವಸ್ತು ಗೊತ್ತಿಲ್ಲದ ಮಗುವಿಗೆ 80 ಬಂತು ಅನ್ನಿ, ಅದು ಬುದ್ಧಿಮಾಂದ್ಯವೂ ಅಲ್ಲ, ಕಲಿಕಾ ನ್ಯೂನತೆಯೂ ಅಲ್ಲ. ಯಾವ ಕಾಲಮಿನಲ್ಲೂ ಇಲ್ಲ. ಹಾಗಾದರೆ ಏನು? ಮತ್ತೆ ಹಳೆಯ ಹೆಸರೇ, ದಡ್ಡ. ಕ್ಯಾಲಿಫೋರ್ನಿಯಾದ ಕಪ್ಪು ಜನ ಕೋರ್ಟಿನಲ್ಲಿ ಎತ್ತಿದ ಪ್ರಶ್ನೆಯನ್ನು ನಾವಿನ್ನೂ ಇಲ್ಲಿ ಎತ್ತಿಯೇ ಇಲ್ಲ.

ನಾವು ಬಲ್ಲ ಒಬ್ಬ ಹುಡುಗನಿದ್ದಾನೆ. ಹಾಸ್ಟೆಲಿನಲ್ಲಿದ್ದುಕೊಂಡು ಒಂಬತ್ತನೇ ತರಗತಿ. ತಾತನಿಂದ ಕೇಳಿ ಕಲಿತ ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯೆಲ್ಲ ತಪ್ಪಿಲ್ಲದೆ ಹೇಳಬಲ್ಲ. ಸಂತೆಯಲ್ಲಿ ಕುರಿ ವ್ಯಾಪಾರದ ಲೆಕ್ಕ ಬಾಯಲ್ಲೇ ಮುಗಿಸುತ್ತಾನೆ. ಸಮಾಜ ಪಾಠದ ಪ್ರಶ್ನೆ ಬಾಯಲ್ಲಿ ಕೇಳಿದರೆ, 'ಕೇಳಿ ಸಾ, ಏಳ್ತೀನಿ' ಅಂತ ಸರಸರ ಹೇಳುತ್ತಾನೆ. ಉತ್ತರಪತ್ರಿಕೆ ಕೊಟ್ಟರೆ ಬೆವರುತ್ತಾನೆ. ಎಂಟನೆಯವರೆಗೆ ಯಾರೂ ಫೇಲು ಮಾಡಲಿಲ್ಲ, ಆದ್ದರಿಂದ ಯಾರೂ ನೋಡಲೂ ಇಲ್ಲ. ಒಂಬತ್ತಕ್ಕೆ ಬಂದ ಮೇಲೆ ಶಾಲೆಗೆ ಅವನು ಭಾರವಾದ. ಮುಂದಿನ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಇವನಿಂದ ಕಪ್ಪುಚುಕ್ಕೆ ಬೀಳುತ್ತದೆಂದು, 'ಟೀಸಿ ತಗೊಂಡೋಗಿ ಬೇರೆ ಕಡೆ ಕಟ್ಟಿಸಿ' ಎಂದು ಅವನ ಅಪ್ಪನನ್ನು ಕರೆಸಿ ಹೇಳಿದರು. ಅಪ್ಪ ಕೈಮುಗಿದು ಬಂದ. ಆ ಮೇಷ್ಟ್ರು ಕೆಟ್ಟವರೇನಲ್ಲ, ಬಡವರ ಮನೆಯಿಂದಲೇ ಬಂದವರು. ನೂರಕ್ಕೆ ನೂರು ಫಲಿತಾಂಶ ಎಂಬ ಭೂತ ಅವರನ್ನೂ ಹಿಡಿದಿದೆ. ಆ ಭೂತಕ್ಕೆ ಬಲಿ ಯಾರ ಮನೆಯಿಂದ ಹೋಗುತ್ತದೆ ಎಂದು ಮಾತ್ರ ನಾವು ಕೇಳುತ್ತಿದ್ದೇವೆ.

ಇಂಥ ಹುಡುಗನಿಗೆ ಪಾಠವನ್ನು ಓದಿ ಹೇಳಿ, ಉತ್ತರವನ್ನು ಕೇಳಿ ಬರೆಸಿಕೊಳ್ಳಿ ಎಂದರೆ ನಮ್ಮವರೇ ಕೆಲವರು ಹೌಹಾರುತ್ತಾರೆ. 'ಸಾವಿರಾರು ವರ್ಷ ಅಕ್ಷರ ಕೊಡಲಿಲ್ಲ ಅಂತ ಹೋರಾಡಿದವರು ನಾವು. ಈಗ ನಾವೇ ನಮ್ಮ ಮಗನಿಗೆ ಅಕ್ಷರ ಬೇಡ ಅನ್ನೋದೇ?' ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 1848ರಲ್ಲಿ ಪುಣೆಯಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಶಾಲೆ ತೆರೆದ ದಿನದಿಂದ ಅಕ್ಷರವೇ ನಮ್ಮ ಆಯುಧ. ಆದರೆ ನಮಗೆ ನಿರಾಕರಿಸಿದ್ದು ಬರೀ ಅಕ್ಷರವನ್ನೇ? ವೇದವನ್ನು ಅವರು ಬರೆದು ಕಲಿತವರಲ್ಲ. ತಲೆಮಾರುಗಳ ಕಾಲ ಬಾಯಿಂದ ಕಿವಿಗೆ ದಾಟಿಸಿದರು, ಅದಕ್ಕೆ ಶ್ರುತಿ ಎಂದೇ ಹೆಸರಿಟ್ಟರು. ಪುಸ್ತಕ ನೋಡದೆ ಹೇಳುವವನನ್ನು ಘನಪಾಠಿ ಎಂದು ಶಾಲು ಹೊದಿಸಿದರು. ಅದೇ ಕಿವಿ ನಮ್ಮದಾಗಿದ್ದರೆ? ವೇದ ಕೇಳಿದ ಶೂದ್ರನ ಕಿವಿಗೆ ಕಾದ ಲೋಹವನ್ನೂ ಅರಗನ್ನೂ ಹೊಯ್ಯಬೇಕೆಂದಿತು ಗೌತಮ ಧರ್ಮಸೂತ್ರ. ಮುಚ್ಚಿದ್ದು ತಿಳುವಳಿಕೆಯ ದಾರಿಯನ್ನು. ಆ ದಾರಿ ಕಣ್ಣಿನದಾದರೇನು, ಕಿವಿಯದಾದರೇನು? ನಮ್ಮ ನೀಲಗಾರರು, ಮಾದಪ್ಪನ ದೇವರಗುಡ್ಡರು ಅಕ್ಷರ ಮುಟ್ಟದೆ ಮಹಾಕಾವ್ಯಗಳನ್ನು ಹೊತ್ತು ತಂದವರು. ಅಂಥವರ ಮೊಮ್ಮಗ ಕಿವಿಯಿಂದ ಕಲಿತು ಬಾಯಿಂದ ಹೇಳಿದರೆ ಅದು ಕಾಪಿ, ರಿಯಾಯಿತಿ, ಮೋಸ! ಅವನಿಗೆ ಅಕ್ಷರ ಕಲಿಸುವುದನ್ನು ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ಜೀವನಪೂರ್ತಿ ಕಲಿಸುತ್ತಲೇ ಇರೋಣ. ಅಕ್ಷರ ಬರುವತನಕ ವಿಜ್ಞಾನ, ಚರಿತ್ರೆ, ಸಂವಿಧಾನ ಯಾವುದೂ ನಿನಗಿಲ್ಲ ಎನ್ನುವುದು ಬೇಡ.

'ಇವನಿಗೆ ಹೆಚ್ಚು ಸಮಯ ಕೊಟ್ಟರೆ ಉಳಿದವರಿಗೆ ಅನ್ಯಾಯವಲ್ಲವೇನ್ರೀ' ಎಂಬ ಮಾತು ಬಂದೇ ಬರುತ್ತದೆ. ಈ ರಾಗ ನಮಗೆ ಪರಿಚಿತ. ಮೀಸಲಾತಿಯ ಎದುರು ಹಾಡಿದ ಮೆರಿಟ್ಟಿನ ರಾಗವೇ ಇದು. ಇತಿಹಾಸದ ಪರೀಕ್ಷೆಯಲ್ಲಿ ಅಳೆಯಬೇಕಾದದ್ದು ಇತಿಹಾಸದ ತಿಳುವಳಿಕೆಯನ್ನೋ, ಬೆರಳಿನ ವೇಗವನ್ನೋ? ಕನ್ನಡಕ ಹಾಕಿಕೊಂಡು ಬಂದವನಿಗೆ 'ಬರಿಗಣ್ಣಲ್ಲಿ ಬರಿ, ಆಗ ನೋಡೋಣ ನಿನ್ನ ಮೆರಿಟ್ಟು' ಎಂದು ಯಾರೂ ಹೇಳುವುದಿಲ್ಲ. ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಮೊಕದ್ದಮೆಯಲ್ಲಿ ಇದನ್ನೇ ಎತ್ತಿಕೊಂಡಿತು. ಬರೆಯಲು ಕೈ ಸಹಕರಿಸದ ಒಬ್ಬ ಯುವಕ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಲಿಪಿಕಾರ ಬೇಕೆಂದ. ಶೇಕಡಾ 40ರಷ್ಟು ನ್ಯೂನತೆ ಇಲ್ಲವೆಂದು ನಿರಾಕರಿಸಿದ್ದರು. ಲಿಪಿಕಾರನ ಸೌಲಭ್ಯಕ್ಕೆ ಆ 40ರ ಗೆರೆ ಅಡ್ಡಬರಬಾರದು, ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು ಸಮಾನತೆಯದೇ ಭಾಗ ಎಂದಿತು ಕೋರ್ಟು. ಉದ್ಯೋಗದ ಮೀಸಲಾತಿಗೆ ಮಾತ್ರ ಆ 40 ಬೇಕೇಬೇಕು. ಅಲ್ಲಿಯೂ ಸಿಗುವುದು ಶೇಕಡಾ ಒಂದು, ಅದನ್ನೂ ಆಟಿಸಂ, ಬುದ್ಧಿನ್ಯೂನತೆ, ಮಾನಸಿಕ ಕಾಯಿಲೆ ಮೊದಲಾದವರೊಡನೆ ಹಂಚಿಕೊಳ್ಳಬೇಕು.

ಇನ್ನು ಮುಂದಿನ ಬದುಕಿನ ಮಾತು. ಇಲ್ಲಿ ನಾವು ಮೈಯೆಲ್ಲ ಕಣ್ಣಾಗಿರಬೇಕು. ಓದು ಹತ್ತದ ಮಕ್ಕಳ ಬಗ್ಗೆ ಒಳ್ಳೆಯವರೆಲ್ಲ ಹೇಳುವ ಒಂದು ಸಲಹೆಯಿದೆ: 'ಏನಾದರೂ ಕೈಕೆಲಸ ಕಲಿಸಿ.' ವಕೀಲರ ಮಗನಿಗೆ ಹೇಳಿದಾಗ ಇದು ವೃತ್ತಿ ಮಾರ್ಗದರ್ಶನ. ಅವನು ಫೋಟೋಗ್ರಫಿಗೋ ಹೋಟೆಲ್ ಮ್ಯಾನೇಜ್‌ಮೆಂಟಿಗೋ ಹೋಗುತ್ತಾನೆ. ಪೌರಕಾರ್ಮಿಕರ ಮಗನಿಗೆ ಹೇಳಿದಾಗ ಅದು ಪೊರಕೆ. ಚಮ್ಮಾರನ ಮಗನಿಗೆ ಹೇಳಿದಾಗ ಉಳಿ. ಹುಟ್ಟಿನಿಂದ ಕಸುಬು ಗೊತ್ತುಮಾಡುವ ಪದ್ಧತಿಯನ್ನೇ ಬಾಬಾಸಾಹೇಬರು ಕಿತ್ತೊಗೆಯಲು ಹೊರಟದ್ದು. ಅದು ಈಗ 'ಮಗುವಿನ ಸಾಮರ್ಥ್ಯಕ್ಕೆ ತಕ್ಕಂತೆ' ಎಂಬ ಸಭ್ಯ ಮಾತಿನ ಮರೆಯಲ್ಲಿ ಹಿತ್ತಿಲ ಬಾಗಿಲಿಂದ ಒಳಬರಬಾರದು. ಕೈಕೆಲಸ ಕೀಳೆಂದು ನಾವು ಹೇಳುವವರಲ್ಲ, ನಾವೇ ಅದರಿಂದ ಬದುಕಿದವರು. ಆದರೆ ಅದನ್ನು ಆರಿಸಿದವರು ಯಾರು? ಹುಡುಗನೇ? ಅವನ ಮುಂದೆ ಬೇರೆ ಎಷ್ಟು ಬಾಗಿಲುಗಳಿದ್ದವು?

ಅಮೆರಿಕೆಯ 2004ರ ಕಾನೂನಿನಲ್ಲಿ ನಮಗೆ ಹಿಡಿಸಿದ ಒಂದು ಅಂಶವಿದೆ. ಇಂಥ ವಿದ್ಯಾರ್ಥಿಗೆ ಹದಿನಾರು ತುಂಬುವ ಹೊತ್ತಿಗೆ ಶಾಲೆ ಮುಗಿದ ಮೇಲೆ ಏನು ಎಂಬ ಯೋಜನೆ ಬರಹದಲ್ಲಿರಬೇಕು, ಅದನ್ನು ಚರ್ಚಿಸುವ ಸಭೆಗೆ ಆ ವಿದ್ಯಾರ್ಥಿಯನ್ನೇ ಕರೆಯಬೇಕು. ನಮ್ಮಲ್ಲಿ ಹದಿನಾರರ ಹುಡುಗಿಯ ಮುಂದಿನ ಯೋಜನೆಯನ್ನು ಅವಳಿಲ್ಲದ ಪಡಸಾಲೆಯಲ್ಲಿ ಮಾಡುತ್ತಾರೆ. ಅದಕ್ಕೆ ಮದುವೆ ಮಾತುಕತೆ ಎಂದು ಹೆಸರು. ಓದು ಬರದ ಹುಡುಗನಿಗಾದರೂ ಗಾರೆ ಕೆಲಸ, ಲಾರಿ ಕ್ಲೀನರು ಅಂತ ಏನೋ ಒಂದಿರುತ್ತದೆ. ಓದು ಬರದ ಹುಡುಗಿಗೆ ತಾಳಿಯೊಂದೇ. ಅವಳ ನ್ಯೂನತೆಯನ್ನು ಗುರುತಿಸುವ ಗೋಜಿಗೂ ಯಾರೂ ಹೋಗುವುದಿಲ್ಲ, ಯಾಕೆಂದರೆ ಅವಳು ಬೆಂಚಿನಲ್ಲಿ ಗಲಾಟೆ ಮಾಡದೆ ಸುಮ್ಮನೆ ಕೂತಿರುತ್ತಾಳೆ.

ಆದ್ದರಿಂದ ಲೆಕ್ಕಾಚಾರ ಎಂಟನೇ ತರಗತಿಯಲ್ಲೇ ಶುರುವಾಗಬೇಕು. 2018ರ ಮಾರ್ಗಸೂಚಿಯಂತೆ ಎಂಟು ವಯಸ್ಸು ತುಂಬಿದವರಿಗೆ ಸರ್ಟಿಫಿಕೇಟು ಕೊಡುತ್ತಿದ್ದರು, ಹದಿನಾಲ್ಕಕ್ಕೆ ಮತ್ತೆ ಪರೀಕ್ಷೆಯಿತ್ತು, ಹದಿನೆಂಟಕ್ಕೆ ಮಾಡಿಸಿದ್ದು ಕಾಯಂ ಆಗಿತ್ತು. ಹದಿನಾಲ್ಕೆಂದರೆ ಎಂಟು ಒಂಬತ್ತನೇ ತರಗತಿ. ಆಗ ಮಾಡಿಸಿಟ್ಟರೆ ಎಸ್ಸೆಸ್ಸೆಲ್ಸಿ ಅರ್ಜಿಯ ಹೊತ್ತಿಗೆ ಕಾಗದ ಕೈಯಲ್ಲಿರುತ್ತದೆ. ಪರೀಕ್ಷೆಗೆ ತಿಂಗಳಿರುವಾಗ ಜಿಲ್ಲಾ ಆಸ್ಪತ್ರೆಗೆ ಓಡಿದರೆ ಮೂರು ದಿನದ ಕೂಲಿ ಹೋಗುತ್ತದೆ, ಕಾಗದವೂ ಸಿಗುವುದಿಲ್ಲ. ಎಸ್ಸೆಸ್ಸೆಲ್ಸಿಯ ಆರು ವಿಷಯಗಳ ಹೊರೆ, ಅದರಲ್ಲೂ ಮೂರು ಭಾಷೆ, ತೀರ ಮುರಿಯುತ್ತದೆ ಎನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿದೆ. ಐದು ವಿಷಯ, ಅದರಲ್ಲಿ ಭಾಷೆ ಒಂದೇ ಇದ್ದರೂ ಸಾಕು. ಐದು ವರ್ಷದೊಳಗೆ ಒಂಬತ್ತು ಸಲ ಕೂರಬಹುದು. ಅದನ್ನು ಶಾಲೆಯವರು ಟೀಸಿ ಕೊಟ್ಟು ಸಾಗಹಾಕುವ ದಾರಿ ಮಾಡಿಕೊಳ್ಳದಂತೆ ಮಾತ್ರ ನೋಡಿಕೊಳ್ಳಬೇಕು. ಹತ್ತನೆಯದು ಪಾಸಾಗುವುದಕ್ಕೂ ಆಗದಿರುವುದಕ್ಕೂ ಎಷ್ಟು ದೂರ ಎಂಬುದು ಐಟಿಐ ಬಾಗಿಲಲ್ಲಿ ಗೊತ್ತಾಗುತ್ತದೆ. ವೈರ್‌ಮನ್ನಿಗೆ, ವೆಲ್ಡರಿಗೆ ಎಂಟನೆಯದು ಸಾಕು. ಎಲೆಕ್ಟ್ರಿಶಿಯನ್, ಫಿಟ್ಟರ್ ಆಗಬೇಕಾದರೆ ಹತ್ತು ಪಾಸಾಗಿರಬೇಕು. ಅದೇ ತಂತಿ, ಅದೇ ಕರೆಂಟು. ಒಬ್ಬನಿಗೆ ಕಾರ್ಖಾನೆಯ ಕಾಯಂ ಕೆಲಸದ ಆಸೆ, ಇನ್ನೊಬ್ಬನಿಗೆ ದಿನಗೂಲಿ. ನಡುವೆ ಇದ್ದದ್ದು ಮೂರು ಗಂಟೆಯ ಪರೀಕ್ಷೆಯಲ್ಲಿ ಒತ್ತಕ್ಷರ ಬರೆಯಲು ಬೇಕಿದ್ದ ಒಂದಿಷ್ಟು ಹೆಚ್ಚಿನ ಸಮಯ.

ನಾವು ಹೇಳಿದ ಆ ಹುಡುಗನಿಗೆ ಪೀಯೂಸಿ ಓದಬೇಕೆಂಬ ಆಸೆಯಿದೆ. ಲಾಯರಾಗುತ್ತಾನಂತೆ. ಮಾತಾಡಲು ಬರುತ್ತದಲ್ಲ, ಯಾಕಾಗಬಾರದು ಅನ್ನುತ್ತಾನೆ. ನಗುವವರು ನಗಲಿ. ಅವನ ಅಪ್ಪ ಟೀಸಿ ತೆಗೆದುಕೊಂಡಿಲ್ಲ. ಸಂಘದ ಇಬ್ಬರು ಹೋಗಿ ಕಾಯಿದೆಯ ಪ್ರತಿಯನ್ನು ಹೆಡ್‌ಮಾಸ್ತರ ಮೇಜಿನ ಮೇಲಿಟ್ಟು ಬಂದಿದ್ದಾರೆ. ಆಸ್ಪತ್ರೆಯ ಕಾಗದಕ್ಕೆ ಅರ್ಜಿ ಹಾಕಿಯಾಗಿದೆ. ಉಳಿದಿರುವುದು ಲಿಪಿಕಾರನ ವಿಚಾರ. ಪರೀಕ್ಷೆ ಕಟ್ಟಿದವನಿಗಿಂತ ಕೆಳಗಿನ ತರಗತಿಯವರಾಗಿರಬೇಕೆಂಬುದು ಸಾಮಾನ್ಯ ನಿಯಮ, ಹಾಗಾಗಿ ನಮ್ಮ ಕಾಲೇಜು ಹುಡುಗರು ಕೂರುವಂತಿಲ್ಲ. ಒಂಬತ್ತನೇ ತರಗತಿಯ ಒಂದು ಮಗು ಬೇಕು. ಅವನು 'ಏಳ್ತೀನಿ' ಎಂದದ್ದನ್ನು ನಗದೆ ಕೇಳಿಸಿಕೊಂಡು, ತನ್ನ ಜಾಣತನ ಸೇರಿಸದೆ, ಅವನು ಹೇಳಿದಷ್ಟನ್ನೇ ಬರೆಯುವ ಮಗು. ಹಾಸ್ಟೆಲಿನಲ್ಲೇ ಹುಡುಕುತ್ತಿದ್ದೇವೆ.